ನಾನು ಎಣ್ಣೆ ಬಿಟ್ಟೆ

‘ಕೊಬ್ಬು ಜಾಸ್ತಿಯಾಗಿದೆ’ ಎಂದು ಡಾಕ್ಟರು ರಕ್ತಪರೀಕ್ಷೆಯ ಕಾಗದವನ್ನು ನನ್ನ ಕಡೆ ಸರಿಸಿದರು.

ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಕುರ್ಚಿಯಿಂದ ಪ್ರಶ್ನೆ ಬಂತು. ‘ಇದನ್ನ ಹೇಳಾಕ ಎಷ್ಟು ತಗೊಂಡ್ರಿ ಸಾಹೇಬ್ರ?’

‘ಲಿಪಿಡ್ ಪರೀಕ್ಷೆ, ಸಕ್ಕರೆ ಎಲ್ಲಾ ಸೇರಿ ಒಂಬೈನೂರು ರೂಪಾಯಿ ಆಗಿದೆ ಅಮ್ಮಾ.’

ಹೆಂಡತಿ ನನ್ನ ಕಡೆ ತಿರುಗಿದಳು. ‘ಮೂವತ್ತೊಂದು ವರ್ಷದಿಂದ ನಾ ಪುಕ್ಕಟೆ ಹೇಳಾಕತ್ತೀನಿ. ಕೇಳಿದ್ರೇನು?’

ಕನ್ನಡ ಭಾಷೆ ನನ್ನಂಥವರಿಗೆ ಮಾಡಿರುವ ಅನ್ಯಾಯ ಇದು. ಸಕ್ಕರೆ ಕಾಯಿಲೆ ಬಂದವನಿಗೆ ಜನ ಅಯ್ಯೋ ಅನ್ನುತ್ತಾರೆ. ಬಿಪಿ ಬಂದವನಿಗೆ ಮನೆಯಲ್ಲಿ ಒಂದು ಗೌರವವೇ ಸಿಗುತ್ತದೆ, ಯಾರೂ ಎದುರು ಮಾತಾಡುವುದಿಲ್ಲ. ಆದರೆ ‘ಅವರಿಗೆ ಕೊಬ್ಬು ಹೆಚ್ಚಾಗೇತಂತ’ ಅಂದು ನೋಡಿ, ‘ಅದು ಮೊದಲಿಂದಲೂ ಐತೆಲ್ಲಾ’ ಎನ್ನುತ್ತಾರೆ. ಮೈಯಲ್ಲಿರುವುದಕ್ಕೂ ಮಾತಿನಲ್ಲಿರುವುದಕ್ಕೂ ಒಂದೇ ಶಬ್ದ ಇಟ್ಟ ಪುಣ್ಯಾತ್ಮ ಯಾರೋ!

ಒಟ್ಟು ಕೊಲೆಸ್ಟೆರಾಲ್ 238, ಟ್ರೈಗ್ಲಿಸರೈಡ್ 260. ಮೂವತ್ತನಾಲ್ಕು ವರ್ಷ ಗಣಿತ ಕಲಿಸಿದ ಮಾಸ್ತರ ನಾನು. ಒಬ್ಬನಿಗೂ ನೂರಕ್ಕೆ ನೂರು ಕೊಟ್ಟವನಲ್ಲ. ನಿವೃತ್ತಿಯಾದ ಮೇಲೆ ನನಗೇ 238 ಬಂದಿತ್ತು.

ಡಾಕ್ಟರು ಹೇಳಿದ್ದು ಇಷ್ಟೇ: ‘ಎಣ್ಣೆ, ತುಪ್ಪ ಸ್ವಲ್ಪ ಕಡಿಮೆ ಮಾಡಿ, ದಿನಾ ನಡೆಯಿರಿ, ಮೂರು ತಿಂಗಳು ಬಿಟ್ಟು ಬನ್ನಿ.’ ಆದರೆ ಹಿರೇಕೆರೂರಿನಿಂದ ನಮ್ಮೂರು ಹಂಸಭಾವಿಗೆ ಬರುವ ಬಸ್ಸಿನಲ್ಲಿ ನನ್ನ ತಲೆಯಲ್ಲಿ ಬೇರೆಯೇ ಲೆಕ್ಕ ನಡೆದಿತ್ತು. ಸ್ವಲ್ಪ ಕಡಿಮೆ ಮಾಡುವುದು ಗುಮಾಸ್ತರ ಕೆಲಸ. ಪೂರ್ತಿ ಬಿಡುವುದು ಮಹಾತ್ಮರ ಕೆಲಸ. ಕಿಟಕಿಯಿಂದ ಮುಖಕ್ಕೆ ಗಾಳಿ ಬಡಿಯುತ್ತಿದ್ದಾಗ ನಾನು ಯಾವ ಗುಂಪಿಗೆ ಸೇರಿದವನು ಎಂಬುದರ ಬಗ್ಗೆ ನನಗೆ ಸಂಶಯವೇ ಇರಲಿಲ್ಲ.

ಬಸ್ಸಿಳಿದವನೇ ಚಹಾದಂಗಡಿಯಲ್ಲಿ ಘೋಷಣೆ ಮಾಡಿದೆ. ಬಾಣಲೆಯಿಂದ ಆಗಷ್ಟೇ ಎದ್ದ ಮಿರ್ಚಿಯನ್ನು ಅಂಗಡಿಯವ ತಟ್ಟೆಗೆ ಹಾಕಹೊರಟಿದ್ದ. ಕೈ ಅಡ್ಡ ಹಿಡಿದು, ನಾಲ್ಕು ಮಂದಿಗೆ ಕೇಳುವ ಹಾಗೆ, ‘ಬ್ಯಾಡ. ಇವತ್ತಿಂದ ನಾ ಎಣ್ಣಿ ಬಿಟ್ಟೆ’ ಅಂದೆ.

ಅಂಗಡಿ ಗಪ್ಪಾಯಿತು. ಮೂಲೆಯಲ್ಲಿ ಕೂತಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಎದ್ದು ಬಂದು ಎರಡೂ ಕೈ ಹಿಡಿದುಕೊಂಡ. ‘ಭಾಳ ಛಲೋ ಮಾಡಿದ್ರಿ ಸರ. ಎಷ್ಟು ವರ್ಷದಿಂದ ಇತ್ತು?’

‘ಹುಟ್ಟಿದಾಗಿಂದಲೂ ಐತೋ ಮಾರಾಯ.’

‘ಹುಟ್ಟಿದಾಗಿಂದ!’

‘ಮತ್ತ? ನಮ್ಮವ್ವನ ರೂಢಿ ಮಾಡಿಸಿದ್ದು. ಮೂರೂ ಹೊತ್ತು ಬೇಕು. ಹಬ್ಬ ಬಂದ್ರಂತೂ ಕೇಳಬ್ಯಾಡ, ಮನಿಮಂದಿ ಎಲ್ಲಾ ಸೇರೇ...’

ಅವನ ಕಣ್ಣಲ್ಲಿ ನೀರಾಡಿತು. ಇಷ್ಟು ಸಣ್ಣ ತ್ಯಾಗಕ್ಕೆ ಊರು ಇಷ್ಟು ಕರಗುತ್ತದೆಂದು ನನಗೆ ಗೊತ್ತಿರಲಿಲ್ಲ. ಎದೆ ಉಬ್ಬಿಸಿಕೊಂಡು ಮನೆಗೆ ನಡೆದೆ.

ಮನೆಯಲ್ಲಿ ಯಾರೂ ಕರಗಲಿಲ್ಲ. ‘ನೀವು ಬಿಡ್ರಿ. ಅಡಿಗಿ ಮಾಡೋಳು ನಾನು, ನಾ ಬಿಟ್ಟಿಲ್ಲ’ ಅಂದಳು ಹೆಂಡತಿ. ಆಮೇಲೆ ಏನೆನ್ನಿಸಿತೋ, ‘ಆತು, ನಿಮ್ಮ ಮಾತೇ ಆಗಲಿ’ ಎಂದು ಒಪ್ಪಿದಳು. ನನ್ನ ಸಂಸಾರದ ಅನುಭವದಲ್ಲಿ ಹೆಂಡತಿ ವಾದವಿಲ್ಲದೆ ಒಪ್ಪಿದರೆ ಹೆದರಬೇಕು. ಆ ದಿನ ಮರೆತೆ.

ಮಾರನೆಯ ದಿನ ನೀರಿನಲ್ಲಿ ಒಗ್ಗರಣೆ. ಮೊಬೈಲಿನಲ್ಲಿ ಯಾರೋ ಹೆಂಗಸು ನಗುನಗುತ್ತಾ ಮಾಡಿ ತೋರಿಸಿದ್ದಳು. ನಮ್ಮ ಸಾಸಿವೆಗೆ ಆ ವಿಡಿಯೋ ಯಾರೂ ತೋರಿಸಿರಲಿಲ್ಲ. ಅವು ಬಾಣಲೆಯ ತಳದಲ್ಲಿ ಈಜು ಕಲಿಯುವ ಹುಡುಗರ ಹಾಗೆ ಸುಮ್ಮನೆ ಕೂತವು. ನಾನೂ ಹೆಂಡತಿಯೂ ಹತ್ತು ನಿಮಿಷ ಬಗ್ಗಿ ನೋಡಿದೆವು. ಒಂದೂ ಸಿಡಿಯಲಿಲ್ಲ. ನೀರು ಕುದಿದು ಕುದಿದು ನೂರು ಡಿಗ್ರಿಯ ಮೇಲೆ ಏರುವುದಿಲ್ಲ, ಸಾಸಿವೆಗೆ ಎಣ್ಣೆಯ ಕಾವೇ ಬೇಕು. ಇದನ್ನು ಪಕ್ಕದ ಕೋಣೆಯ ವಿಜ್ಞಾನದ ಮಾಸ್ತರರು ಮೂವತ್ತು ವರ್ಷ ಕಲಿಸುವಾಗ ನಾನು ಗೋಡೆಯ ಈಚೆ ಇದ್ದೆ.

ಖಾರದಪುಡಿ ಇನ್ನೂ ದೊಡ್ಡ ಅವಮಾನ ಮಾಡಿತು. ನಮ್ಮ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಅದರ ಬಣ್ಣ ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ ಎಂದು ಬೆಂಗಳೂರಿನ ಬೀಗರ ಮುಂದೆ ಜಂಬ ಕೊಚ್ಚಿದವನು ನಾನು. ಆ ಪುಡಿ ನಮ್ಮ ಸಾರಿನಲ್ಲಿ ಇಟ್ಟಂಗಿ ಪುಡಿಯಂತೆ ತೇಲಿತು. ಅದರ ಕೆಂಪು ನೀರಿಗೆ ಬಿಡುವುದಿಲ್ಲ, ಎಣ್ಣೆಗೆ ಮಾತ್ರ ಬಿಡುತ್ತದೆ. ಅಂದು ಎಣಗಾಯಿ ಬೇರೆ. ಅವ್ವ ಬದನೆಕಾಯಿಯನ್ನು ರೊಟ್ಟಿಯ ತುಣುಕಿನಿಂದ ಅತ್ತಿತ್ತ ಹೊರಳಿಸಿ ನೋಡಿ, ‘ಎಣಗಾಯ್ಯಾಗಿನ ಎಣ್ಣಿ ತಗದ್ರ ಉಳಿಯೋದು ಗಾಯ ಒಂದ’ ಅಂದಳು. ಎಂಬತ್ನಾಲ್ಕು ವರ್ಷದ ಬಾಯಿ. ಉತ್ತರ ಕೊಡುವ ಧೈರ್ಯ ನನಗಿಲ್ಲ.

ಮೂರನೆಯ ದಿನ ಎಣ್ಣೆ ಬೇಡದ, ಒಳಗೆಲ್ಲ ಕರಿ ಲೇಪದ ಬಾಣಲೆ ತಂದೆ. ಬೆಲೆಯನ್ನು ಅರ್ಧ ಹೇಳಿದೆ. ನಿಮ್ಮ ಮನೆಯಲ್ಲೂ ಹಾಗೇ ಅಲ್ಲವೇ? ಸಂಜೆ ವಾಕಿಂಗ್ ಮುಗಿಸಿ ಬರುವಷ್ಟರಲ್ಲಿ ಅವ್ವ ಹಿತ್ತಲಲ್ಲಿ ಕೂತು, ಬೂದಿ ಮತ್ತು ತೆಂಗಿನ ನಾರಿನಿಂದ ಅದನ್ನು ಬೆಳ್ಳಿಯಂತೆ ಬೆಳಗಿಸಿಟ್ಟಿದ್ದಳು. ‘ಎಂಥಾ ಬಾಣಲಿ ತಂದೀಯೋ, ಕರಿ ಹೋಗಬೇಕಾದ್ರ ನನ್ನ ರಟ್ಟಿ ಬಿದ್ದು ಹೋತು’ ಎಂದು ಹೆಮ್ಮೆಯಿಂದ ತೋರಿಸಿದಳು. ಮುಖ ನೋಡಿಕೊಳ್ಳಬಹುದಿತ್ತು. ನೋಡಿಕೊಂಡೆ, ನೋಡುವಂತಿರಲಿಲ್ಲ.

ಆಮೇಲೆ ಎಣ್ಣೆ ಚಿಮುಕಿಸುವ ಸ್ಪ್ರೇ ಬಾಟಲಿ. ಅದು ಗಾಜು ಒರೆಸುವ ಬಾಟಲಿಯ ತಮ್ಮನಂತಿತ್ತು. ಹೆಂಡತಿ ಕನ್ನಡಿ, ಕಪಾಟು, ದೇವರ ಫೋಟೋ ಎಲ್ಲದಕ್ಕೂ ಶೇಂಗಾ ಎಣ್ಣೆ ಹೊಡೆದು ಒರೆಸಿದ ಮೇಲೆ ಗೊತ್ತಾಯಿತು. ಆ ವಾರ ನಮ್ಮ ಮನೆಯಲ್ಲಿ ಎಣ್ಣೆ ಕಂಡವರು ದೇವರು ಮಾತ್ರ.

ನಮ್ಮೂರ ಹೆಸರಲ್ಲೇ ಹಂಸವಿದೆ. ಹಂಸ ಹಾಲನ್ನೂ ನೀರನ್ನೂ ಬೇರೆ ಮಾಡುತ್ತದಂತೆ. ಆ ಊರಿನ ನೀರು ಕುಡಿದವನಾದ ನಾನು ಮಿರ್ಚಿಯಿಂದ ಎಣ್ಣೆಯನ್ನು ಬೇರೆ ಮಾಡಬಾರದೇಕೆ ಎಂಬ ಯೋಚನೆ ಸಂತೆಯ ದಿನ ಬಂತು. ಬಿಟ್ಟದ್ದು ಎಣ್ಣೆಯನ್ನೇ ಹೊರತು ಮಿರ್ಚಿಯನ್ನಲ್ಲವಲ್ಲ! ನಾಲ್ಕು ಮಿರ್ಚಿಯನ್ನು ಅಂದಿನ ಪೇಪರಿನಲ್ಲಿ ಸುತ್ತಿ, ಗಟ್ಟಿಯಾಗಿ ಒತ್ತಿ, ಐದು ನಿಮಿಷ ಬಿಟ್ಟು ಬಿಚ್ಚಿದೆ. ಎಣ್ಣೆ ಪೇಪರಿಗೆ ಹೋಗಿತ್ತು, ನಿಜ. ಪೇಪರಿನಲ್ಲಿದ್ದ ದಿನಭವಿಷ್ಯ ಮಿರ್ಚಿಗೆ ಬಂದಿತ್ತು. ವೃಷಭ ರಾಶಿ, ಉಲ್ಟಾ ಅಕ್ಷರದಲ್ಲಿ. ಹಾಗೇ ತಿಂದುಬಿಟ್ಟೆ.

ಇಷ್ಟೆಲ್ಲಾ ಆದರೂ ನಾನು ಸೋಲಲಿಲ್ಲ, ಏಕೆಂದರೆ ನನ್ನ ಹತ್ತಿರ ಶೇಂಗಾ ಇತ್ತು. ಎಣ್ಣೆಯಿಲ್ಲದ ಊಟಕ್ಕೆ ರುಚಿ ಬರಬೇಕೆಂದರೆ ತಟ್ಟೆಯ ಪಕ್ಕ ಗುಡ್ಡದಂತೆ ಶೇಂಗಾ ಹಿಂಡಿ. ವಾಕಿಂಗಿಗೆ ಹೋಗುವಾಗ ಕಿಸೆಯಲ್ಲಿ ಹುರಿದ ಶೇಂಗಾ. ರಾತ್ರಿ ನಿದ್ದೆ ಬರದಿದ್ದರೆ ಬೆಲ್ಲದ ಜತೆ ಶೇಂಗಾ. ಒಣಗಿದ, ಸಭ್ಯ, ಎಣ್ಣೆಯ ಸೋಂಕೇ ಇಲ್ಲದ ಕಾಳು! ಮೂರು ವಾರ ಕಳೆದು ತೂಕದ ಯಂತ್ರದ ಮೇಲೆ ನಿಂತೆ. ಒಂದೂವರೆ ಕಿಲೋ ಏರಿತ್ತು. ಯಂತ್ರ ಕೆಟ್ಟಿದೆ ಎಂದು ಗೋಡೆಯ ಪಕ್ಕ ಇಟ್ಟು ನೋಡಿದೆ, ಅಂಗಿ ಕಳಚಿ ನೋಡಿದೆ, ಉಸಿರು ಹಿಡಿದು ನೋಡಿದೆ.

ಆ ಶನಿವಾರ ಮಗಳು ಬಂದಳು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಸಮುದಾಯ ವಿಜ್ಞಾನ ಓದುತ್ತಾಳೆ. ಹಿಂದೆ ಅದಕ್ಕೆ ಗೃಹವಿಜ್ಞಾನ ಅನ್ನುತ್ತಿದ್ದರು. ಬಂದವಳೇ ಅಡುಗೆಮನೆಯ ಡಬ್ಬಿಗಳನ್ನು ಒಂದೊಂದಾಗಿ ತೆರೆದಳು, ಪೊಲೀಸರು ಮನೆ ಜಾಲಾಡಿದ ಹಾಗೆ.

‘ಅಪ್ಪಾ, ನೂರು ಗ್ರಾಂ ಶೇಂಗಾದಾಗ ಎಷ್ಟು ಕೊಬ್ಬು ಇರ್ತದ ಗೊತ್ತೇನು? ಹೆಚ್ಚುಕಡಿಮೆ 48 ಗ್ರಾಂ. ಎಣ್ಣೆ ಮತ್ತ ಎಲ್ಲಿಂದ ಬರ್ತದ ಅಂತ ತಿಳಿದಿದ್ದಿ, ಪಾಕೀಟಿನಿಂದೇನು?’

ಹೌದಲ್ಲ! ನನ್ನಜ್ಜ ಇದೇ ಶೇಂಗಾವನ್ನು ಚೀಲಗಟ್ಟಲೆ ಗಾಣಕ್ಕೆ ಹೊತ್ತುಕೊಂಡು ಹೋಗುತ್ತಿದ್ದ. ಅವನ ಮೊಮ್ಮಗ ತನ್ನ ಹೊಟ್ಟೆಯನ್ನೇ ಗಾಣ ಮಾಡಿಕೊಂಡಿದ್ದ. ದಿನಕ್ಕೆ ಮೂರು ಮುಷ್ಟಿ, ತೂಗಿ ನೋಡಿದರೆ 90 ಗ್ರಾಂ. ಅಂದರೆ ಸುಮಾರು 43 ಗ್ರಾಂ ಕೊಬ್ಬು. ಮುಂಬಾಗಿಲಲ್ಲಿ ಓಡಿಸಿದ್ದನ್ನು ಹಿತ್ತಿಲ ಬಾಗಿಲಲ್ಲಿ ಮಣೆ ಹಾಕಿ ಕೂರಿಸಿದ್ದೆ.

‘ಇದಕ್ಕ ಕಣ್ಣಿಗೆ ಕಾಣದ ಕೊಬ್ಬು ಅಂತಾರ’ ಅಂದಳು ಮಗಳು. ‘ಹಾಲು, ಕಾಳು, ಕಾಯಿ, ಎಲ್ಲಾದ್ರಾಗೂ ಇರ್ತದ.’

‘ನನ್ನ ಕಣ್ಣಿಗೆ ಚೆಂದಾಗಿ ಕಾಣ್ತೈತಿ’ ಅಂದಳು ಅವಳ ತಾಯಿ, ನನ್ನನ್ನೇ ನೋಡುತ್ತ.

ಆಮೇಲೆ ಪಾಠ ಶುರುವಾಯಿತು. ನನ್ನದೇ ಸೀಸದಕಡ್ಡಿ, ನನ್ನದೇ ನೋಟುಬುಕ್ಕು, ವಿದ್ಯಾರ್ಥಿ ಮಾತ್ರ ನಾನು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಭಾರತೀಯರ ಆಹಾರಕ್ಕೆ ಹೊಸ ಮಾರ್ಗಸೂಚಿ ಹೊರಡಿಸಿದೆ. 2000 ಕಿಲೋಕ್ಯಾಲರಿಯ ಊಟದಲ್ಲಿ ಒಬ್ಬರಿಗೆ ದಿನಕ್ಕೆ ಎಣ್ಣೆ, ತುಪ್ಪ ಸೇರಿ 27 ಗ್ರಾಂ. ಅದರ ಹೊರಗೆ ಶೇಂಗಾ, ಎಳ್ಳಿನಂಥವು 35 ಗ್ರಾಂ. ಅಂದರೆ ಶೇಂಗಾ ತಪ್ಪಿತಸ್ಥನಲ್ಲ, ಮೂರು ಮುಷ್ಟಿಯವನು ತಪ್ಪಿತಸ್ಥ. ಕಂಡದ್ದು ಕಾಣದ್ದು ಎಲ್ಲಾ ಸೇರಿ ಒಟ್ಟು ಶಕ್ತಿಯ ನೂರಕ್ಕೆ 30 ಭಾಗ ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ತುಪ್ಪ, ಬೆಣ್ಣೆ, ತೆಂಗಿನೆಣ್ಣೆಯಲ್ಲಿ ಹೆಚ್ಚಾಗಿರುವ ಗಟ್ಟಿ ಜಾತಿಯ ಕೊಬ್ಬು ನೂರಕ್ಕೆ 10 ಭಾಗದೊಳಗೆ, ವನಸ್ಪತಿಯಲ್ಲಿ ಕುಪ್ರಸಿದ್ಧವಾದ ಟ್ರಾನ್ಸ್ ಕೊಬ್ಬು 1 ಭಾಗದೊಳಗೆ. ಒಂದು ಗ್ರಾಂ ಕೊಬ್ಬಿಗೆ 9 ಕಿಲೋಕ್ಯಾಲರಿ, ಅನ್ನ, ಸಕ್ಕರೆಯ ಶರ್ಕರಪಿಷ್ಟಕ್ಕೆ 4.

‘ಹಂಗಂದ್ರ 2000ದಾಗ 30 ಭಾಗ ಅಂದ್ರ 600, ಭಾಗಿಸು ಒಂಬತ್ತು, 66 ಚಿಲ್ಲರೆ ಗ್ರಾಂ’ ಅಂದೆ ತಟ್ಟನೆ. ಇಡೀ ತಿಂಗಳಲ್ಲಿ ನಾನು ಗೆದ್ದದ್ದು ಅದೊಂದೇ.

‘ಮತ್ತ ಪೂರ್ತಿ ಬಿಟ್ರ ಏನಾಗ್ತದ?’ ಎಂದು ಕೇಳಿದೆ, ಹುತಾತ್ಮನ ಧ್ವನಿಯಲ್ಲಿ.

‘ಎ, ಡಿ, ಇ, ಕೆ ಈ ನಾಲ್ಕು ಜೀವಸತ್ವ ಕೊಬ್ಬಿನಾಗ ಮಾತ್ರ ಕರಗ್ತಾವ. ಕೆಲವು ಕೊಬ್ಬಿನಾಮ್ಲ ನಮ್ಮ ಮೈ ತಾನೇ ಮಾಡಿಕೊಳ್ಳಾಕ ಆಗಂಗಿಲ್ಲ, ಊಟದಾಗ ಬರಬೇಕು. ಬ್ಯಾಡಗಿ ಮೆಣಸಿನಕಾಯಿ ಬಣ್ಣ ನಿನ್ನ ಸಾರಿನಾಗ ಬಿಡಲಿಲ್ಲಲಾ, ಗಜ್ಜರಿ ಒಳಗಿನ ಸತ್ವಾನೂ ಅದೇ ಜಾತಿ. ಎಣ್ಣೆ ಇಲ್ಲಂದ್ರ ಹೊಟ್ಟ್ಯಾಗೂ ಸರಿಯಾಗಿ ಬಿಡಂಗಿಲ್ಲ.’ ಪೇಪರಿನ ಮಿರ್ಚಿಯ ವಿಷಯ ತಾಯಿಯಿಂದ ತಿಳಿದು, ಅಚ್ಚಿನ ಶಾಯಿ ತಿನ್ನಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರವೇ ಎಚ್ಚರಿಸಿದೆ ಎಂದು ಇನ್ನೊಂದು ಸುತ್ತು ಬೈದಳು.

ನಾನು ಕೂಡಲೇ ಹೊಸ ಮತಕ್ಕೆ ಸೇರಿದೆ. ಶೂನ್ಯ ಹೋಯಿತು, 27 ಬಂತು. ಮನೆಯಲ್ಲಿ ನಾವು ಮೂವರು. ಹಳೆಯ ಚೀಟಿಗಳನ್ನು ನೋಡಿದರೆ ತಿಂಗಳಿಗೆ ನಾಲ್ಕೂವರೆ ಲೀಟರ್ ಎಣ್ಣೆ ಖರ್ಚು. ‘ಅಂದ್ರ 4500 ಗ್ರಾಂ, ತಲೆಗೆ 50’ ಎಂದು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದೆ. ಹೆಂಡತಿ ಎಣ್ಣೆಯ ಪಾಕೀಟು ತಂದು ಮೂಗಿನ ಮುಂದೆ ಹಿಡಿದಳು. ಅದರ ಮೇಲೆ ಒಂದು ಲೀಟರ್, 910 ಗ್ರಾಂ ಎಂದು ಅಚ್ಚಾಗಿತ್ತು. ‘ಎಣ್ಣಿ ನೀರಿನ ಮ್ಯಾಲೆ ತೇಲ್ತೈತಿ ಅಂದ್ರ ಹಗುರ ಇರ್ತೈತಿ ಅಂತ ಅರ್ಥ, ಗಣಿತದ ಮಾಸ್ತರ!’ ಅಳಿಸಿ 45 ಎಂದು ಬರೆದೆ. ತುಪ್ಪದ ಲೆಕ್ಕ ಕೇಳುವ ಧೈರ್ಯ ಆಗಲಿಲ್ಲ.

ಅದೇ ವಾರ ಇಬ್ಬರು ಗೃಹಸ್ಥರು ಮನೆಗೆ ಬಂದರು. ಪಕ್ಕದ ಹಳ್ಳಿಯಲ್ಲಿ ಎಂಟು ದಿನದ ಶಿಬಿರ ನಡೆದಿದೆ, ‘ನೀವು ಎಣ್ಣಿ ಬಿಟ್ಟ ಅನುಭವ ನಾಕು ಮಾತು ಹೇಳಬೇಕ್ರಿ ಸರ’ ಎಂದರು. ಆರೋಗ್ಯ ಶಿಬಿರವೆಂದು ನಾನೇ ಅರ್ಥ ಮಾಡಿಕೊಂಡೆ. ಯಾವ ಶಿಬಿರ ಎಂದು ಕೇಳಬೇಕಿತ್ತು. ಆದರೆ ನಿವೃತ್ತ ಮಾಸ್ತರನ ಮುಂದೆ ಮೈಕಿನ ಮಾತು ಎತ್ತಿದರೆ ಅವನಿಗೆ ಬೇರೇನೂ ಕೇಳಿಸುವುದಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ, ನಾಲ್ಕು ಪುಟದ ಭಾಷಣ. ಹೊರಡುವಾಗ ಹೆಂಡತಿ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಅಭಿಮಾನದಿಂದ ಗಂಟಲು ತುಂಬಿ ಬಂದಿದೆ ಎಂದುಕೊಂಡೆ.

ಐವತ್ತು ಅರವತ್ತು ಗಂಡಸರು ಸಾಲಾಗಿ ಕೂತಿದ್ದರು. ಹೆಂಗಸರಿಲ್ಲ. ಗಂಡಸರಿಗೇ ಕೊಲೆಸ್ಟೆರಾಲ್ ಹೆಚ್ಚು ಎಂದುಕೊಂಡು ಶುರು ಮಾಡಿದೆ.

‘ಬಂಧುಗಳೇ, ನಾನೂ ನಿಮ್ಮಂಥವನೇ. ದಿನಕ್ಕೆ 45 ಗ್ರಾಂ ಹೋಗುತ್ತಿತ್ತು.’

ಹಿಂದಿನ ಸಾಲಿನಿಂದ ಒಬ್ಬ, ‘ಬರೇ 45? ಅದು ಕ್ವಾಟರಿನಾಗ ಕಾಲು ಭಾಗ ಅಷ್ಟ ಆತಲ್ರೀ ಸರ!’ ಅಂದ. ನಗು ಎದ್ದಿತು. ಕ್ವಾಟರು ಎಂದರೆ ಅವನ ಮನೆಯ ಅಳತೆಯ ಪಾತ್ರೆ ಇರಬೇಕೆಂದು ನಾನೂ ನಕ್ಕೆ.

‘ಮೊದಲು ನಾನು ಪೂರ್ತಿ ಬಿಟ್ಟೆ. ಅದು ತಪ್ಪು. ದೊಡ್ಡ ತಪ್ಪು. ಪೂರ್ತಿ ಬಿಡಬಾರದು! ಮೈಗೆ ಅದು ಬೇಕೇ ಬೇಕು. ದಿನಕ್ಕೆ 27 ಗ್ರಾಂ ತಗೊಳ್ಳಿ ಎಂದು ಹೈದರಾಬಾದಿನ ಕೇಂದ್ರ ಸರ್ಕಾರದ ಸಂಸ್ಥೆಯೇ ಹೇಳಿದೆ!’

ಒಂದು ಕ್ಷಣ ಸೂಜಿ ಬಿದ್ದರೆ ಕೇಳುವಂಥ ಮೌನ. ಆಮೇಲೆ ಎದ್ದ ಚಪ್ಪಾಳೆ, ಸೀಟಿ! ಮೂವತ್ತನಾಲ್ಕು ವರ್ಷ ವರ್ಗಮೂಲ ಕಲಿಸಿದ್ದಕ್ಕೆ ಒಬ್ಬನೂ ಚಪ್ಪಾಳೆ ತಟ್ಟಿದವನಲ್ಲ. ‘ಹೆಂಡತಿ ಕೈಯಿಂದಲೇ ಅಳತೆ ಮಾಡಿಸಿಕೊಳ್ಳಿ’ ಎಂದು ಇನ್ನೊಂದು ಮಾತು ಸೇರಿಸಿದೆ. ಮೊದಲ ಸಾಲಿನವ ಎದ್ದು ಕುಣಿಯತೊಡಗಿದ. ಸಂಘಟಕರು ಓಡಿ ಬಂದು ಮೈಕು ಕಿತ್ತುಕೊಂಡಾಗ, ಬೆನ್ನ ಹಿಂದಿನ ಬ್ಯಾನರು ಮೊದಲ ಬಾರಿ ನನ್ನ ಕಣ್ಣಿಗೆ ಬಿತ್ತು. ಮದ್ಯವರ್ಜನ ಶಿಬಿರ.

ಮನೆಗೆ ಹೇಗೆ ಬಂದೆನೋ. ಹೆಂಡತಿಗೆ ಆ ಸುದ್ದಿ ಮೊದಲೇ ತಲುಪಿತ್ತು. ‘ಊರಿಗೆಲ್ಲಾ ತಿಂಗಳಿಂದ ಗೊತ್ತಿತ್ತು. ನೀವು ಕುಡೀತಿದ್ರಿ, ಈಗ ಬಿಟ್ಟೀರಿ ಅಂತ’ ಅಂದಳು.

‘ನನಗ್ಯಾಕ ಹೇಳಲಿಲ್ಲ?’

‘ಯಾಕ ಹೇಳಲಿ? ಎಷ್ಟು ಕಷ್ಟ ಉಂಡೀಯವಾ ತಾಯಿ ಅಂತ ಮಂದಿ ಮನಿಗೆ ಬಂದು ಬಂದು ನನ್ನ ಕಣ್ಣೊರಸಾಕತ್ತಿದ್ರು. ಈ ಮೂವತ್ತೊಂದು ವರ್ಷದಾಗ ಮೊದಲ ಸಲ!’

ಅವ್ವ ಇಷ್ಟೂ ದಿನ ನೋಡುತ್ತಿದ್ದಳು. ಮರುದಿನ ಬೆಳಿಗ್ಗೆ ಅಟ್ಟದ ಮೇಲಿನ ಪೆಟ್ಟಿಗೆಯಿಂದ ಒಂದು ಹಿತ್ತಾಳೆಯ ಮಿಳ್ಳಿ ಇಳಿಸಿದಳು. ಗುಬ್ಬಿಯ ಕೊಕ್ಕಿನಂಥ ಸೊಂಡಿ, ಹಿಡಿಕೆಗೆ ಸವೆದ ನವಿಲು, ಒಳಗೆ ಹಳೆಯ ಎಣ್ಣೆಯ ಹಸಿರು ಜಿಡ್ಡು. ‘ನಮ್ಮತ್ತಿ ಕೊಟ್ಟಿದ್ದು. ಹೊತ್ತಿಗೊಂದು ಮಿಳ್ಳಿ ಅಂತ ಅಳದು ಕೊಡ್ತಿದ್ಲು, ಕೀಲಿ ಅಕಿ ಸೊಂಟದಾಗ. ಗಾಣದ ಎಣ್ಣಿ, ಮನಿ ಶೇಂಗಾ, ಆದ್ರೂ ಅಷ್ಟ. ಕರದದ್ದು ಅಂದ್ರ ಪಂಚಮಿ, ದೀಪಾವಳಿ. ಉಳಿದ ದಿನ ರೊಟ್ಟಿಗೆ ಎಲ್ಲಿ ಎಣ್ಣಿ?’

ಅದು ಖರೆ. ಜೋಳದ ರೊಟ್ಟಿ ಬಡಿಯಲು ಹನಿ ಎಣ್ಣೆ ಬೇಕಿಲ್ಲ, ಕೈ ಬೇಕು. ನಾವು ಚಪಾತಿ, ಪೂರಿ, ಬೆಳಿಗ್ಗೆ ದ್ವಾಸಿ, ಸಂಜೆ ಬೇಕರಿಯ ಖಾರಿ ಎಂದು ದಾರಿ ಬದಲಿಸಿದವರು. ಅವ್ವ ಮಾತ್ರ ಈಗಲೂ ರೊಟ್ಟಿಯ ಮೇಲೆ ಅಡಿಕೆ ಗಾತ್ರದ ಬೆಣ್ಣೆ ಇಟ್ಟುಕೊಂಡು ನನ್ನ ಎದುರಿಗೇ ತಿನ್ನುತ್ತಾಳೆ. ‘ನಾನೂ ತಿನ್ನಲೇನು?’ ಎಂದರೆ, ‘ನಾ ಐವತ್ತು ವರ್ಷ ಕಳೆ ಕಿತ್ತೀನಿ. ನೀ ಏನ್ ಕಿತ್ತೀ?’ ಎಂದು ಕೇಳುತ್ತಾಳೆ. ಗಣಿತ ಕಲಿಸಿದೆ ಎಂಬುದು ಅವಳ ದೃಷ್ಟಿಯಲ್ಲಿ ಉತ್ತರವಲ್ಲ.

ಮಿಳ್ಳಿಯನ್ನು ಎಣ್ಣೆ ತುಂಬಿಸಿ ತೂಗಿದೆ. 38 ಗ್ರಾಂ. ಬೆಳಿಗ್ಗೆ ಒಂದು, ಸಂಜೆ ಒಂದು, ಒಟ್ಟು 76. ಮೂರು ಜನಕ್ಕೆ 27ರಂತೆ 81 ಆಗಬೇಕು. ನಮ್ಮಜ್ಜಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ.

ಈಗ ಮನೆಯಲ್ಲಿ ಮಿಳ್ಳಿಯ ಆಳ್ವಿಕೆ. ಸಾಸಿವೆ ಸಿಡಿಯುತ್ತದೆ, ಸಾರು ಕೆಂಪಾಗಿದೆ, ಎಣಗಾಯಿಯ ಗಾಯ ಮಾಯ್ದಿದೆ. ಪಾಕೀಟು ತಿಂಗಳಿಗೆ ಎರಡೂವರೆ. ಮೂರು ತಿಂಗಳ ನಂತರದ ಪರೀಕ್ಷೆಯಲ್ಲಿ ಕೊಲೆಸ್ಟೆರಾಲ್ 204 ಬಂತು. ‘ಇಳಿದಿದೆ, ಇನ್ನೂ ಸ್ವಲ್ಪ ಇಳಿಯಬೇಕು’ ಅಂದರು ಡಾಕ್ಟರು. ‘ರಕ್ತದಾಗಿನದು ಇಳಿದೈತ್ರಿ’ ಎಂದಳು ಹೆಂಡತಿ, ಉಳಿದದ್ದನ್ನು ಹೇಳದೆ.

ಒಂದು ವ್ಯಾಜ್ಯ ಮಾತ್ರ ಬಾಕಿಯಿದೆ. 81ರಲ್ಲಿ 76 ಕಳೆದರೆ ದಿನಕ್ಕೆ 5 ಗ್ರಾಂ ಉಳಿಯುತ್ತದೆ. ಅದು ಮೂವರದ್ದೂ ಎಂದು ಹೆಂಡತಿ, ಮನೆಯ ಯಜಮಾನನದ್ದು ಎಂದು ನಾನು. ಆರು ದಿನ ಕೂಡಿಹಾಕಿದರೆ 30 ಗ್ರಾಂ, ಅಂದರೆ ವಾರಕ್ಕೆರಡು ಮಿರ್ಚಿ ನ್ಯಾಯವಾಗಿ ನನಗೆ ಬರಬೇಕು. ಲೆಕ್ಕ ಬರೆದು ತೋರಿಸಿದರೂ ಅವಳು ಒಪ್ಪಿಲ್ಲ. ಊರಿನ ಚಹಾದಂಗಡಿಯವನೂ ಕೊಡುವುದಿಲ್ಲ. ‘ಬ್ಯಾಡ್ರಿ ಸರ, ಬಿಟ್ಟೀರಿ, ಮತ್ತ ಶುರು ಮಾಡಬ್ಯಾಡ್ರಿ’ ಎಂದು ಕೈ ಮುಗಿಯುತ್ತಾನೆ. ಆದ್ದರಿಂದ ನೀವು ಹಂಸಭಾವಿಯ ಕಡೆ ಬಂದರೆ ನಮ್ಮ ಮನೆಗೆ ಖಂಡಿತ ಬನ್ನಿ, ಬರುವಾಗ ಎರಡು ಮಿರ್ಚಿ ಕಟ್ಟಿಸಿಕೊಂಡು ಬನ್ನಿ. ಯಾರಿಗೆಂದು ಕೇಳಿದರೆ ನಿಮಗೇ ಎಂದು ಹೇಳಿ. ಪೇಪರಿನಲ್ಲಿ ಮಾತ್ರ ಬೇಡ, ಬಾಳೆಎಲೆಯಲ್ಲಿ ಕಟ್ಟಿಸಿ.